ಮೋಲ್ಡ್ ದಿನ ಮನೆ ಮಾಲೀಕರು ಎಲ್ಲಿರಬೇಕು?

ಮಾನ್ಯ ಸಂಪಾದಕರೆ,

ನಿಮ್ಮ ಪತ್ರಿಕೆಯ ಮನೆ-ನಿವೇಶನದ ಪುರವಣಿಯಲ್ಲಿ ಗೃಹಸಾಲದ ಬಡ್ಡಿ, ಈಶಾನ್ಯದ ಸಂಪು, ಅಡುಗೆಮನೆಯ ಬಣ್ಣ ಎಲ್ಲವೂ ಬರುತ್ತವೆ. ಮೋಲ್ಡ್ (ಚಾವಣಿಯ ಸ್ಲ್ಯಾಬಿಗೆ ಕಾಂಕ್ರೀಟ್) ಹಾಕುವ ಹಿಂದಿನ ಸಂಜೆ ಏನು ನೋಡಬೇಕು ಎಂಬುದು ಮಾತ್ರ ಬರುವುದಿಲ್ಲ.

ಸ್ವಂತ ಮನೆ ಕಟ್ಟಿಸುವವರು ದಿನಾ ಸೈಟಿಗೆ ಹೋಗುತ್ತಾರೆ. ಗೋಡೆ ಎಷ್ಟು ಎದ್ದಿದೆ ನೋಡಿ, ಫೋಟೊ ತೆಗೆದು ಮನೆಯವರ ಗ್ರೂಪಿಗೆ ಹಾಕುತ್ತಾರೆ. ಗೋಡೆ ನಾಳೆಯೂ ಕಾಣುತ್ತದೆ. ಸೊಟ್ಟಗಿದ್ದರೆ ಕೆಡವಿ ಕಟ್ಟಬಹುದು. ಕಣ್ಣಿಂದ ಮರೆಯಾಗುವ ಕೆಲಸವೇ ಬೇರೆ: ಫುಟಿಂಗಿನ (ಪಿಲ್ಲರ್ ಕೂರುವ ಅಗಲದ ಪಾಯ) ತಳ, ಪಿಲ್ಲರಿನೊಳಗಿನ ರಿಂಗು (ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಬಳೆ), ಸ್ಲ್ಯಾಬಿನ ಕಂಬಿ, ಗೋಡೆಯೊಳಗಿನ ಪೈಪು, ಬಚ್ಚಲಿನ ನೆಲದ ಕೆಳಗಿನ ಪದರ. ಎಂಟು-ಹತ್ತು ತಿಂಗಳ ಕೆಲಸದಲ್ಲಿ ಹೀಗೆ ಏನಾದರೊಂದು ಮುಚ್ಚಿಹೋಗುವ ದಿನಗಳು ಹತ್ತೋ ಹನ್ನೆರಡೋ ಇರುತ್ತವೆ. ಆ ದಿನಗಳ ಹಿಂದಿನ ಸಂಜೆ ಮಾಲೀಕರು ಟೇಪು ಹಿಡಿದು ಒಂದು ಗಂಟೆ ಸೈಟಿನಲ್ಲಿ ನಿಲ್ಲಬೇಕು. ಉಳಿದ ದಿನ ಹೋಗದಿದ್ದರೂ ಅಂಥ ನಷ್ಟವಿಲ್ಲ. 30x40ರ ನಿವೇಶನದಲ್ಲಿ ಪಿಲ್ಲರ್ ಮೇಲೆ ನಿಲ್ಲುವ ಹತ್ತು ಚದರದ (ಸಾವಿರ ಚದರ ಅಡಿಯ) ಸಾಮಾನ್ಯ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪತ್ರ ಬರೆದಿದ್ದೇನೆ.

ಗುದ್ದಲಿ ಪೂಜೆಯ ಮರುದಿನ ಸುಣ್ಣದ ಗೆರೆ ಬೀಳುತ್ತದೆ. ಆಗ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ. 30x40ರ ನಿವೇಶನ ಚೌಕವಾಗಿದ್ದರೆ ಎರಡೂ ಕರ್ಣಗಳು ಸರಿಯಾಗಿ 50 ಅಡಿ ಬರಬೇಕು. ಒಂದು ಕರ್ಣ 50 ಅಡಿ 4 ಇಂಚು, ಇನ್ನೊಂದು 49 ಅಡಿ 8 ಇಂಚು ಬಂದರೆ ನಿವೇಶನವೇ ವಾರೆಯಾಗಿದೆ ಎಂದರ್ಥ. ಆಗ ಮನೆಯನ್ನು ಯಾವ ಬದಿಗೆ ಸಮವಾಗಿ ಕೂರಿಸಬೇಕು, ಬಿಡಬೇಕಾದ ಜಾಗ ಎಲ್ಲಿ ಕಡಿಮೆಯಾಗುತ್ತದೆ ಎಂಬುದನ್ನು ಗೆರೆಯಲ್ಲೇ ತೀರ್ಮಾನಿಸಿಕೊಳ್ಳಬೇಕು. ಇಲ್ಲದಿದ್ದರೆ ಟೈಲ್ಸ್ ಹಾಕುವಾಗ ಹಾಲಿನ ಒಂದು ತುದಿಯಲ್ಲಿ ಪೂರ್ತಿ ಟೈಲು, ಇನ್ನೊಂದು ತುದಿಯಲ್ಲಿ ಚೂರು ಬರುತ್ತದೆ.

ಗುಂಡಿಯ ಆಳ ಮಣ್ಣಿಗೆ ಬಿಟ್ಟದ್ದು. 'ಐದು ಅಡಿ ಸಾಕು ಸಾರ್' ಎಂಬ ಮಾತು ಹಳೇ ಮೈಸೂರಿನ ಕೆಂಪು ಮಣ್ಣಿನಲ್ಲಿ ಬಹಳ ಕಡೆ ನಡೆಯುತ್ತದೆ. ಧಾರವಾಡ, ಗದಗ, ವಿಜಯಪುರದ ಎರೆಮಣ್ಣಿನಲ್ಲಿ ನಡೆಯುವುದಿಲ್ಲ. ಎರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಆ ಬಿರುಕು ಇಳಿಯುವ ಆಳಕ್ಕಿಂತ ಕೆಳಗೆ ಪಾಯ ಕೂರಬೇಕು, ಅಥವಾ ಎಂಜಿನಿಯರ್ ಹೇಳಿದಂತೆ ಪೈಲ್ ಇಳಿಸಬೇಕು. ಪಾಯದ ಸುತ್ತ ಅದೇ ಎರೆಮಣ್ಣನ್ನು ವಾಪಸು ತುಂಬದೆ ಗರಸು ತುಂಬಬೇಕು. ಬೆಂಗಳೂರು, ಮೈಸೂರಿನ ಹೊಸ ಬಡಾವಣೆಗಳಲ್ಲಿ ಇನ್ನೊಂದು ತೊಂದರೆ: ಹಳ್ಳ, ಕೆರೆಯಂಗಳ ಮುಚ್ಚಿದ ಜಾಗ. ಗುಂಡಿ ತೆಗೆಯುವಾಗ ಪ್ಲಾಸ್ಟಿಕ್, ಇಟ್ಟಿಗೆ ಚೂರು, ಕಪ್ಪು ಕೆಸರು ಬಂದರೆ ಅದು ತುಂಬಿದ ಮಣ್ಣು. ಅದು ಮುಗಿದು ಗಟ್ಟಿ ನೆಲ ಸಿಗುವವರೆಗೆ ಇಳಿಯಲೇಬೇಕು. ಮನೆಯ ಒಂದು ಬದಿ ಗಟ್ಟಿ ನೆಲದ ಮೇಲೆ, ಇನ್ನೊಂದು ಬದಿ ತುಂಬಿದ ಮಣ್ಣಿನ ಮೇಲೆ ಕೂತರೆ ಒಂದು ಬದಿ ಮಾತ್ರ ಕುಸಿದು ಗೋಡೆಯಲ್ಲಿ ಮೆಟ್ಟಿಲಿನಂತೆ ಓರೆ ಬಿರುಕು ಮೂಡುತ್ತದೆ. ಅದಕ್ಕೆ ಪುಟ್ಟಿ ಮೆತ್ತಿ ಪ್ರಯೋಜನವಿಲ್ಲ.

ಫುಟಿಂಗ್ ಕಾಂಕ್ರೀಟಿನ ಹಿಂದಿನ ರಾತ್ರಿ ಮಳೆ ಬಂದರೆ ಗುಂಡಿಯ ತಳ ಕೆಸರಾಗಿರುತ್ತದೆ. ನವಧಾನ್ಯ, ಅರಿಸಿನ-ಕುಂಕುಮ ಹಾಕುವಾಗ ಎಲ್ಲರೂ ಇಣುಕಿ ನೋಡುತ್ತಾರೆ, ಕೆಸರನ್ನು ಕೆರೆದು ತೆಗೆಸುವವರು ಕಡಿಮೆ. ನೀರು ಎತ್ತಿಸಿ, ಮೆತ್ತಗಾದ ಮಣ್ಣು ತೆಗೆಸಿ, ಗಟ್ಟಿ ತಳದ ಮೇಲೆ 3-4 ಇಂಚು ಬೆಡ್ ಕಾಂಕ್ರೀಟ್ ಹಾಕಿಸಿ. ಅದರ ಮೇಲೆ ಕಂಬಿಯ ಜಾಲರಿ ಕೂರಬೇಕು, ಕೆಳಗೆ 50 ಮಿ.ಮೀ.ನ ಕವರ್ ಬ್ಲಾಕ್ (ಕಂಬಿಯನ್ನು ತಳದಿಂದ ಎತ್ತಿ ಹಿಡಿಯುವ ಸಣ್ಣ ಗಟ್ಟಿ) ಇರಬೇಕು. ಜಲ್ಲಿ ಚೂರು ಕೊಟ್ಟು ಎತ್ತರಿಸುವುದು ರೂಢಿ. ಅದು ಜಾರುತ್ತದೆ, ಜಾರಿದರೆ ಕಂಬಿ ಹೋಗಿ ಬೆಡ್ಡಿನ ಮೇಲೆ ಮಲಗುತ್ತದೆ.

ಪ್ಲಿಂತಿನೊಳಗೆ (ಪಾಯದಿಂದ ಮನೆಯ ನೆಲದ ಮಟ್ಟದವರೆಗಿನ ಭಾಗ) ಮಣ್ಣು ತುಂಬುವ ಕೆಲಸಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ಟ್ರ್ಯಾಕ್ಟರಿನಲ್ಲಿ ತಂದು ಮೂರಡಿ ಒಂದೇ ಸಲ ಸುರಿದು, ಮೇಲೊಂದಿಷ್ಟು ನೀರು ಬಿಟ್ಟು, 'ಒಂದು ಮಳೆಗೆ ಕೂರುತ್ತೆ' ಎನ್ನುತ್ತಾರೆ. ಕೂರುತ್ತದೆ ನಿಜ, ಆದರೆ ಟೈಲ್ಸ್ ಹಾಕಿದ ಮೇಲೆ. ಆರು ಇಂಚಿಗೊಂದು ಪದರ, ಪ್ರತಿ ಪದರಕ್ಕೂ ನೀರು, ಧಮ್ಮಸ್ಸು ಎಂಬುದು ಹಳೆಯ ನಿಯಮ. ಈಗ ಬಾಡಿಗೆಗೆ ಸಿಗುವ ಕಂಪಿಸುವ ಪ್ಲೇಟಿನ ಯಂತ್ರದಿಂದ ಒಂದೇ ದಿನದಲ್ಲಿ ಮುಗಿಯುತ್ತದೆ. ಗೆದ್ದಲು ಔಷಧಿ ಸಿಂಪಡಿಸಬೇಕಾದದ್ದೂ ಇದೇ ಹಂತದಲ್ಲಿ, ಫ್ಲೋರ್ ಕಾಂಕ್ರೀಟ್ ಬೀಳುವ ಮೊದಲು. ಭಾರತೀಯ ಮಾನಕ (ಐಎಸ್) ಕೇಳುವುದು ಪ್ರತಿ ಚದರ ಮೀಟರಿಗೆ 5 ಲೀಟರ್ ಬೆರಕೆ. ಹತ್ತು ಚದರದ ನೆಲಕ್ಕೆ ಸುಮಾರು 465 ಲೀಟರ್ ಆಯಿತು. ಬೆನ್ನಿಗೆ ಕಟ್ಟುವ ಪಂಪಿನಲ್ಲಿ ಎರಡು ಸಲ ಅಡ್ಡಾಡಿ 'ಆಯ್ತು' ಎಂದರೆ ಒಪ್ಪಿಕೊಳ್ಳಬೇಡಿ.

ಕಂಬಿ ಬಂದ ದಿನ ತಕ್ಕಡಿ ಚೀಟಿಯನ್ನಷ್ಟೇ ನೋಡಿದರೆ ಸಾಲದು. ಕಂಬಿಯ ಮೈಮೇಲೆ ಕಂಪನಿಯ ಹೆಸರು ಮತ್ತು ದರ್ಜೆ (ಎಫ್‌ಇ 500 ಅಥವಾ 500ಡಿ) ಉಬ್ಬಕ್ಷರದಲ್ಲಿ ಇರುತ್ತದೆ. ತೂಕದ ಸೂತ್ರ ಸುಲಭ: ಮಿ.ಮೀ.ನಲ್ಲಿ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ಕಿಲೊ ಸಿಗುತ್ತದೆ. 12 ಮೀಟರ್ ಉದ್ದದ 8 ಮಿ.ಮೀ. ಕಂಬಿ 4.74 ಕೆ.ಜಿ., 10 ಮಿ.ಮೀ. 7.4, 12 ಮಿ.ಮೀ. 10.66, 16 ಮಿ.ಮೀ. ಹತ್ತಿರ ಹತ್ತಿರ 19 ಕೆ.ಜಿ. ತೂಗಬೇಕು. 10 ಮಿ.ಮೀ.ವರೆಗೆ ಶೇ 7, ಅದರ ಮೇಲೆ 16ರವರೆಗೆ ಶೇ 5 ಹೆಚ್ಚುಕಮ್ಮಿಗೆ ಮಾನಕದಲ್ಲೇ ಅವಕಾಶವಿದೆ. ಹತ್ತು ಕಂಬಿ ತೂಗಿ ಸರಾಸರಿ ತೆಗೆದಾಗ ಅದಕ್ಕೂ ಕೆಳಗೆ ಬಂದರೆ ಲಾರಿ ವಾಪಸು ಕಳಿಸಬಹುದು. ಮೇಲೆ ತೆಳ್ಳಗೆ ಕೆಂಪು ತುಕ್ಕು ಇದ್ದರೆ ಗಾಬರಿ ಬೇಡ. ಕೈಯಲ್ಲಿ ಉಜ್ಜಿದಾಗ ಪೊರೆಪೊರೆಯಾಗಿ ಉದುರಿದರೆ ಬೇಡ.

ಪಿಲ್ಲರಿನಲ್ಲಿ ಉದ್ದ ಕಂಬಿಗಳನ್ನು ಎಲ್ಲರೂ ಎಣಿಸುತ್ತಾರೆ, ರಿಂಗನ್ನು ಎಣಿಸುವುದಿಲ್ಲ. ರಿಂಗಿನ ಅಂತರ ಡ್ರಾಯಿಂಗಿನಲ್ಲಿ ಇದ್ದಷ್ಟೇ ಇರಬೇಕು. ಪಿಲ್ಲರಿನ ಬುಡದಲ್ಲೂ ಬೀಮಿಗೆ ಸೇರುವ ತಲೆಯಲ್ಲೂ ಹತ್ತಿರ ಹತ್ತಿರ, ಮಧ್ಯದಲ್ಲಿ ಸ್ವಲ್ಪ ದೂರ. 4 ಇಂಚು ಮತ್ತು 6 ಇಂಚು ಸಾಮಾನ್ಯವಾಗಿ ಕಾಣುವ ಜೋಡಿ. ರಿಂಗಿನ ಕೊಕ್ಕೆ ಲಂಬಕೋನದಲ್ಲಿ ನಿಲ್ಲದೆ 135 ಡಿಗ್ರಿಗೆ ಒಳಕ್ಕೆ ಮಡಚಿರಬೇಕು. ಬೀಮು-ಪಿಲ್ಲರ್ ಕೂಡುವ ಗಂಟಿನೊಳಗೆ ರಿಂಗು ಹಾಕುವುದು ಕಷ್ಟ, ಕೈ ಹೋಗುವುದಿಲ್ಲ, ಹಾಗಾಗಿ ಅಲ್ಲಿ ಬಿಟ್ಟುಬಿಡುತ್ತಾರೆ. ಮೊದಲು ಬಗ್ಗಿ ನೋಡಬೇಕಾದ ಜಾಗ ಅದು. ಕಂಬಿಗೆ ಕಂಬಿ ಜೋಡಿಸುವಲ್ಲಿ ಎರಡೂ ಅಕ್ಕಪಕ್ಕ ಓಡುವ ಉದ್ದ ಕಂಬಿ ದಪ್ಪದ ಸುಮಾರು 50 ಪಟ್ಟು ಇರಬೇಕು, 12 ಮಿ.ಮೀ.ಗೆ 600 ಮಿ.ಮೀ., ಅಂದರೆ ಎರಡು ಅಡಿ. ಎಲ್ಲ ಕಂಬಿಗಳ ಜೋಡಣೆಯೂ ಒಂದೇ ಎತ್ತರದಲ್ಲಿ ಬರಕೂಡದು. ಪಿಲ್ಲರಿನ ನಡುಭಾಗದಲ್ಲಿ ಹಂಚಿಹೋಗಬೇಕು.

ಇನ್ನು ಮೋಲ್ಡ್. ಆ ದಿನ ಕೆಲಸಗಾರರಿಗೆ ಊಟ ಹಾಕುವುದು ನಮ್ಮ ಕಡೆಯ ಒಳ್ಳೆಯ ಪದ್ಧತಿ. ಆದರೆ ಮಾಲೀಕರು ಬೆಳಗಿನಿಂದ ಅದರ ಓಡಾಟದಲ್ಲೇ ಇರುತ್ತಾರೆ. ಆ ಹೊಣೆಯನ್ನು ಮನೆಯ ಬೇರೆಯವರಿಗೆ ವಹಿಸಿ, ನೀವು ಸ್ಲ್ಯಾಬಿನ ಮೇಲಿರಿ.

ಹಿಂದಿನ ಸಂಜೆ ನೋಡಬೇಕಾದದ್ದು ಸೆಂಟ್ರಿಂಗಿನಿಂದ (ಹಸಿ ಕಾಂಕ್ರೀಟನ್ನು ಹೊರುವ ತಾತ್ಕಾಲಿಕ ಶೀಟು, ಆಸರೆ ಕಂಬ) ಶುರು. ಕಂಬಗಳು ಹಸಿ ಮಣ್ಣಿನ ಮೇಲೆ ನಿಂತಿದ್ದರೆ ಕೆಳಗೆ ಹಲಗೆ ಕೊಡಿಸಿ. ಕಾಂಕ್ರೀಟಿನ ಭಾರಕ್ಕೆ ಒಂದು ಕಂಬ ಅರ್ಧ ಇಂಚು ಕುಸಿದರೂ ಸ್ಲ್ಯಾಬಿನ ಹೊಟ್ಟೆ ಇಳಿಯುತ್ತದೆ. ಶೀಟುಗಳ ಸಂದಿಗೆ ಟೇಪು ಅಂಟಿಸಿರಬೇಕು; ಸಂದಿಯಲ್ಲಿ ಸಿಮೆಂಟ್ ಹಾಲು ಸೋರಿದ ಕಡೆ ಜಲ್ಲಿ ಬರಿದಾಗಿ ಜೇನುಗೂಡಿನಂತೆ ಉಳಿಯುತ್ತದೆ. ಆಮೇಲೆ ಕಂಬಿ. 10 ಅಡಿ ಅಗಲ, 14 ಅಡಿ ಉದ್ದದ ಕೋಣೆಯಾದರೆ 10 ಅಡಿಯ ಕಡೆ ಓಡುವ ಕಂಬಿ ಕೆಳಗಿರಬೇಕು, 14 ಅಡಿಯದು ಅದರ ಮೇಲೆ ಬರಬೇಕು. ಭಾರ ಹೊರುವುದು ಹೆಚ್ಚಾಗಿ ಚಿಕ್ಕ ಅಳತೆಯ ಕಡೆಯ ಕಂಬಿ. ಇದು ಅದಲು ಬದಲಾಗಿರುವುದನ್ನು ಬರಿಗಣ್ಣಲ್ಲೇ ಹಿಡಿಯಬಹುದು. ಸ್ಲ್ಯಾಬಿನ ಕೆಳಗೆ 20 ಮಿ.ಮೀ., ಬೀಮಿನ ಕೆಳಗೆ ಮತ್ತು ಬದಿಗೆ 25, ಪಿಲ್ಲರಿಗೆ 40 ಮಿ.ಮೀ. ಕವರ್ ಬ್ಲಾಕ್. ಸ್ಲ್ಯಾಬಿನಲ್ಲಿ ಮೂರು ಅಡಿಗೊಂದಾದರೂ ಇರಲಿ. ಅಂಗಡಿಯಲ್ಲಿ ಸಿದ್ಧ ಬ್ಲಾಕ್ ಸಿಗುತ್ತದೆ. ಇಡೀ ಮನೆಯ ಲೆಕ್ಕದಲ್ಲಿ ಅದರ ಖರ್ಚು ಎಲ್ಲೂ ಕಾಣಿಸುವುದಿಲ್ಲ. ಸ್ಲ್ಯಾಬಿನ ಕೆಳಗಿನ ಗಾರೆ ಹದಿನೈದು ವರ್ಷಕ್ಕೇ ಉದುರಿ ಕೆಂಪು ಕಂಬಿ ಹಲ್ಲು ಕಿಸಿಯುವ ಮನೆಗಳಲ್ಲಿ ಬಹುಪಾಲು ತಪ್ಪು ಇಲ್ಲೇ ಆಗಿರುತ್ತದೆ: ಕಂಬಿಗೆ ಹೊದಿಕೆ ಸಾಲದೆ ತೇವ ತಲುಪಿ, ತುಕ್ಕು ಉಬ್ಬಿ, ಕಾಂಕ್ರೀಟನ್ನು ಒಡೆದು ತಳ್ಳುತ್ತದೆ.

ಬಾಲ್ಕನಿ, ಸಜ್ಜಾಗಳ ಬಗ್ಗೆ ಪ್ರತ್ಯೇಕವಾಗಿಯೇ ಹೇಳಬೇಕು. ಗೋಡೆಯಿಂದ ಹೊರಕ್ಕೆ ಚಾಚಿದ ಸ್ಲ್ಯಾಬಿನಲ್ಲಿ ಮುಖ್ಯ ಕಂಬಿ ಮೇಲ್ಗಡೆ ಇರಬೇಕು. ಚಾಚಿದ ತುದಿ ಕೆಳಕ್ಕೆ ಬಾಗಲು ನೋಡುತ್ತದೆ, ಆಗ ಎಳೆತ ಬೀಳುವುದು ಮೇಲ್ಮೈಗೆ. ಆ ಕಂಬಿ ಕೂರುವುದು ಕುರ್ಚಿಯಂತೆ ಮಡಚಿದ ಕಂಬಿಗಳ (ಛೇರ್ ಎನ್ನುತ್ತಾರೆ) ಮೇಲೆ. ಕಾಂಕ್ರೀಟ್ ಬಾಂಡ್ಲಿ ಹೊತ್ತವರು ಅದನ್ನೇ ತುಳಿದುಕೊಂಡು ಓಡಾಡಿದರೆ ಛೇರ್ ಬಾಗಿ ಕಂಬಿ ಕೆಳಗಿಳಿಯುತ್ತದೆ. 5 ಇಂಚಿನ ಸ್ಲ್ಯಾಬಿನಲ್ಲಿ ಮೇಲಿನ ಕಂಬಿ 40 ಮಿ.ಮೀ. ಇಳಿದರೆ ಆ ಬಾಲ್ಕನಿಯ ತಾಳಿಕೆ ಸುಮಾರು ಶೇ 40ರಷ್ಟು ಹೋಯಿತು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನಡೆಯಲು ಹಲಗೆ ಹಾಸಿಸಿ, ಛೇರ್ ಹತ್ತಿರ ಹತ್ತಿರ ಇಡಿಸಿ, ಕಾಂಕ್ರೀಟ್ ಅಲ್ಲಿಗೆ ಬಂದಾಗ ಒಬ್ಬ ಕಂಬಿ ಕೆಲಸದವನು ಕೊಕ್ಕೆ ಹಿಡಿದು ಪಕ್ಕದಲ್ಲೇ ನಿಲ್ಲಲಿ. 3 ಅಡಿ ಚಾಚಿದ ಬಾಲ್ಕನಿಯ ಮೇಲ್ಕಂಬಿ ಒಳಗಿನ ಸ್ಲ್ಯಾಬಿಗೆ ಕನಿಷ್ಠ ನಾಲ್ಕೂವರೆ ಅಡಿ ಹೋಗಿರಲಿ. ಬೀಮಿನೊಳಗೆ ಒಂದು ಗೇಣು ಮಡಚಿ ಬಿಟ್ಟಿದ್ದರೆ ಕೆಲಸ ನಿಲ್ಲಿಸಿ ಎಂಜಿನಿಯರನ್ನು ಕರೆಸಿ.

ಕಾಂಕ್ರೀಟಿನ ಬೆರಕೆ 1:1½:3 ಎಂದು ಎಲ್ಲರಿಗೂ ಬಾಯಿಪಾಠ. ಅಳೆಯುವುದು ಯಾವುದರಲ್ಲಿ ಎಂದು ಕೇಳಿ ನೋಡಿ. 50 ಕೆ.ಜಿ. ಸಿಮೆಂಟ್ ಚೀಲದ ಗಾತ್ರ ಸುಮಾರು 35 ಲೀಟರ್. ಒಳಅಳತೆ 40x35x25 ಸೆಂ.ಮೀ. ಇರುವ ಮರದ ಫರ್ಮಾ ಮಾಡಿಸಿದರೆ ಸರಿಯಾಗಿ 35 ಲೀಟರ್ ಹಿಡಿಯುತ್ತದೆ: ಚೀಲಕ್ಕೆ ಒಂದೂವರೆ ಫರ್ಮಾ ಮರಳು, ಮೂರು ಫರ್ಮಾ ಜಲ್ಲಿ. ಬಾಂಡ್ಲಿ ಲೆಕ್ಕದಲ್ಲಿ ಒಬ್ಬ ಗೋಪುರ ತುಂಬಿದರೆ ಇನ್ನೊಬ್ಬ ಅರ್ಧ ತುಂಬುತ್ತಾನೆ, ಸಂಜೆಯಾಗುತ್ತ ಎಲ್ಲರದ್ದೂ ಅಂದಾಜೇ. ಮಳೆಗಾಲದಲ್ಲಿ ಇನ್ನೊಂದು ತಕರಾರು. ಸ್ವಲ್ಪ ತೇವದ ಮರಳು ಉಬ್ಬಿಕೊಂಡು ಗಾತ್ರದಲ್ಲಿ ಕಾಲು ಭಾಗದಷ್ಟು ಹೆಚ್ಚು ತೋರಿಸುತ್ತದೆ; ಅದೇ ಫರ್ಮಾದಲ್ಲಿ ಅಳೆದರೆ ನಿಜವಾಗಿ ಬೀಳುವ ಮರಳು ಕಡಿಮೆ. ಅದಕ್ಕೆ ತಕ್ಕಂತೆ ಮರಳು ಹೆಚ್ಚಿಸಿ, ನೀರು ಇಳಿಸಬೇಕು.

ನೀರೇ ದೊಡ್ಡ ಕಳ್ಳ. ಕಾಂಕ್ರೀಟಿನ ಮಾನಕ ಐಎಸ್ 456ರ ಪ್ರಕಾರ ಎಂ20 (ಈ 1:1½:3 ಬೆರಕೆಯ) ಕಾಂಕ್ರೀಟಿಗೆ ಸಿಮೆಂಟಿನ ತೂಕದ 0.55 ಭಾಗಕ್ಕಿಂತ ಹೆಚ್ಚು ನೀರು ಸಲ್ಲದು. ಚೀಲಕ್ಕೆ ಇಪ್ಪತ್ತೇಳೂವರೆ ಲೀಟರ್, ಅದರಲ್ಲಿ ಮರಳಿನ ತೇವವೂ ಸೇರಿತು. ಪೈಪು ಹಿಡಿದು ಮಿಕ್ಸರಿಗೆ ಬಿಡುವ ಕಡೆ 35-40 ಲೀಟರ್ ಸಲೀಸಾಗಿ ಹೋಗುತ್ತದೆ. ಚೀಲಕ್ಕೆ ಹತ್ತು ಲೀಟರ್ ಹೆಚ್ಚಾದರೆ ಕಾಂಕ್ರೀಟಿನ ಬಲ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಪೈಪು ಬಿಡಿಸಿ, ಗುರುತು ಹಾಕಿದ ಬಕೆಟ್ ಕೊಡಿ. ರೆಡಿಮಿಕ್ಸ್ (ಕಾರ್ಖಾನೆಯಲ್ಲೇ ಬೆರೆಸಿದ ಕಾಂಕ್ರೀಟ್) ತರಿಸಿದರೂ ಈ ಕಾಟ ತಪ್ಪಿದ್ದಲ್ಲ. ಪಂಪಿನ ಬಳಿ 'ಗಟ್ಟಿಯಾಗಿದೆ, ಸ್ವಲ್ಪ ನೀರು ಬಿಡಿ' ಎಂಬ ಕೂಗು ಬಂದೇ ಬರುತ್ತದೆ. ಲಾರಿಯ ಚೀಟಿಯಲ್ಲಿ ಬೆರಕೆಯಾದ ಸಮಯ ಇರುತ್ತದೆ. ನೀರು ಬೆರೆಸಿದ ಎರಡು ಗಂಟೆಯೊಳಗೆ ಲಾರಿ ಖಾಲಿಯಾಗಬೇಕು.

ಸಿಮೆಂಟಿನ ಲೆಕ್ಕ ಇಟ್ಟರೆ ಅರ್ಧ ಉಸ್ತುವಾರಿ ಆದಂತೆ. ಈ ಬೆರಕೆಯಲ್ಲಿ ಒಂದು ಘನ ಮೀಟರಿಗೆ 8 ಚೀಲ ಬೇಕು. ಹತ್ತು ಚದರದ 5 ಇಂಚು ಸ್ಲ್ಯಾಬು 11.8 ಘನ ಮೀಟರ್, ಅಂದರೆ ಸುಮಾರು 94 ಚೀಲ. ಬೀಮುಗಳು ಸೇರಿದರೆ 115-120. ಸಂಜೆ ಖಾಲಿ ಚೀಲ ಎಣಿಸಿದಾಗ 85 ಬಂದರೆ ಬೆರಕೆ ಸಣಕಲಾಗಿದೆ, ಇಲ್ಲವೇ ಸ್ಲ್ಯಾಬು ತೆಳುವಾಗಿದೆ. ದಪ್ಪ ನೋಡಲು 5 ಇಂಚಿಗೆ ಗುರುತು ಹಾಕಿದ ಕಂಬಿ ಚೂರನ್ನು ಹಸಿ ಕಾಂಕ್ರೀಟಿನಲ್ಲಿ ಅಲ್ಲಲ್ಲಿ ಚುಚ್ಚಿ.

ವೈಬ್ರೇಟರ್ ಎರಡು ಇರಲಿ, ಒಂದು ಕೆಟ್ಟರೆ ಇನ್ನೊಂದು. ಸೂಜಿಯನ್ನು ನೆಟ್ಟಗೆ ಇಳಿಸಿ, ಗುಳ್ಳೆ ನಿಂತ ಮೇಲೆ ನಿಧಾನಕ್ಕೆ ಎತ್ತಬೇಕು. ಕಾಂಕ್ರೀಟನ್ನು ಅತ್ತಿತ್ತ ತಳ್ಳಲು ಅದನ್ನು ಬಳಸಿದರೆ ಜಲ್ಲಿ ಒಂದು ಕಡೆ, ಹಾಲು ಒಂದು ಕಡೆ. ಪಿಲ್ಲರಿಗೆ ಹತ್ತಡಿ ಮೇಲಿನಿಂದ ಸುರಿದರೆ ಬುಡದಲ್ಲಿ ಬರೀ ಜಲ್ಲಿ ಕೂರುತ್ತದೆ. ಒಂದೂವರೆ ಮೀಟರಿಗಿಂತ ಎತ್ತರದಿಂದ ಬೀಳಬಾರದು. ಜೋರು ಮಳೆ ಬಂದು ಕೆಲಸ ನಿಲ್ಲಿಸಲೇಬೇಕಾದರೆ ಪಿಲ್ಲರ್ ಬಳಿ ನಿಲ್ಲಿಸಬೇಡಿ. ಎರಡು ಆಧಾರಗಳ ನಡುವಿನ ಭಾಗದಲ್ಲಿ ನೇರ ಅಂಚು ಕಟ್ಟಿ ನಿಲ್ಲಿಸಿ, ಮರುದಿನ ಆ ಮೈಯನ್ನು ಒರಟು ಮಾಡಿ ಸಿಮೆಂಟ್ ಹಾಲು ಹಾಕಿ ಮುಂದುವರಿಸಬೇಕು.

ಬಲದ ಪರೀಕ್ಷೆಗೆ ಕಾಂಕ್ರೀಟನ್ನು 15 ಸೆಂ.ಮೀ.ನ ಕ್ಯೂಬ್ ಅಚ್ಚಿಗೆ ತುಂಬಿಸುವುದು ಸರ್ಕಾರಿ ಕಾಮಗಾರಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಇದೆ. 6ರಿಂದ 15 ಘನ ಮೀಟರ್ ಕಾಂಕ್ರೀಟಿಗೆ ಎರಡು ಮಾದರಿ, ಒಂದೊಂದಕ್ಕೆ ಮೂರು ಕ್ಯೂಬು. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ಒಡೆಸಬಹುದು. ಅದಕ್ಕಿಂತ ಹೆಚ್ಚಿನ ಲಾಭವೆಂದರೆ, ಕ್ಯೂಬ್ ಅಚ್ಚು ಕಣ್ಣಮುಂದೆ ಇದ್ದರೆ ಮಿಕ್ಸರಿನವನ ಕೈಯಲ್ಲಿ ನೀರು ತಾನಾಗಿಯೇ ಕಡಿಮೆಯಾಗುತ್ತದೆ.

ಮರುದಿನ ಬೆಳಿಗ್ಗೆಯಿಂದ ಸ್ಲ್ಯಾಬಿನ ಮೇಲೆ ಗಾರೆಯ ಪುಟ್ಟ ಬದುಗಳನ್ನು ಕಟ್ಟಿ ನೀರು ನಿಲ್ಲಿಸಬೇಕು (ಕ್ಯೂರಿಂಗ್ ಎನ್ನುತ್ತಾರೆ). ಹತ್ತು ಚದರಕ್ಕೆ ಎರಡು ಇಂಚು ನೀರೆಂದರೆ ಸುಮಾರು 4,700 ಲೀಟರ್, ಒಂದು ಟ್ಯಾಂಕರಿನಷ್ಟು. ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಬಳಸುವ ಪಿಪಿಸಿಗೆ (ಹಾರುಬೂದಿ ಬೆರೆತ ಸಿಮೆಂಟ್) 10 ದಿನ. 14 ದಿನ ಮಾಡಿದರೆ ಇನ್ನೂ ಒಳ್ಳೆಯದು. ಪಿಲ್ಲರಿಗೆ ಗೋಣಿಚೀಲ ಸುತ್ತಿ ಹಸಿಯಾಗಿಡಬೇಕು. ಜನ ಸ್ಲ್ಯಾಬನ್ನು ನೆನೆಸಿ ಪಿಲ್ಲರನ್ನು ಮರೆಯುತ್ತಾರೆ. ಸೆಂಟ್ರಿಂಗ್ ಬಾಡಿಗೆ ದಿನದ ಲೆಕ್ಕದಲ್ಲಿ ಓಡುವುದರಿಂದ ಬಿಚ್ಚುವ ಅವಸರ ಬಹಳ. ನಾಲ್ಕೂವರೆ ಮೀಟರ್ ಒಳಗಿನ ಸ್ಲ್ಯಾಬಿನ ಆಸರೆ ಕಂಬಕ್ಕೆ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14. 6 ಮೀಟರ್ ಒಳಗಿನ ಬೀಮಿಗೆ 14, ಮೇಲ್ಪಟ್ಟರೆ 21 ದಿನ. ಇದು ಮಾಮೂಲಿ ಸಿಮೆಂಟಿನ ಲೆಕ್ಕ, ಪಿಪಿಸಿ ಆದರೆ ಇನ್ನೂ ತಡೆಯಬೇಕು. ಬಾಲ್ಕನಿಯ ಕಂಬಗಳನ್ನು ಕೊನೆಗೆ, ಹೊರತುದಿಯಿಂದ ಒಳಕ್ಕೆ ಬಿಚ್ಚುತ್ತ ಬರಬೇಕು.

ಇಷ್ಟೆಲ್ಲ ಓದಿ ಮೇಸ್ತ್ರಿಗಳೆಲ್ಲ ಮೋಸಗಾರರು ಎಂದುಕೊಳ್ಳುವುದು ಬೇಡ. ತಪ್ಪು ಹುಟ್ಟುವುದು ಹೆಚ್ಚಾಗಿ ಕೂಲಿ ಕೊಡುವ ರೀತಿಯಲ್ಲಿ. ಕಾಂಕ್ರೀಟ್ ಗ್ಯಾಂಗಿಗೆ ಮೋಲ್ಡಿಗಿಷ್ಟು ಎಂದು ಗುತ್ತಿಗೆ. ನೀರು ಹೆಚ್ಚಿದ್ದರೆ ಕಾಂಕ್ರೀಟ್ ತಾನೇ ಹರಿಯುತ್ತದೆ, ಬೇಗ ಮುಗಿಯುತ್ತದೆ. ಕಂಬಿ ಕೆಲಸಕ್ಕೆ ಚದರದ ಲೆಕ್ಕ ಕಟ್ಟಿದರೆ ರಿಂಗು ಬಿಟ್ಟಷ್ಟೂ ಅವರಿಗೆ ಬಿಡುವು. ಟನ್ನಿನ ಲೆಕ್ಕ ಕಟ್ಟಿದರೆ ಆ ಆಸೆ ಇರುವುದಿಲ್ಲ. ಕರಾರು ಮಾಡುವಾಗಲೇ ಇದನ್ನು ಯೋಚಿಸಬೇಕು. ಸೈಟಿನಲ್ಲಿ ಕೂಗಾಡಿದರೆ ಕೆಲಸ ಸುಧಾರಿಸುವುದಿಲ್ಲ, ಮೇಸ್ತ್ರಿ ಬೇರೆ ಸೈಟಿಗೆ ಹೋಗುತ್ತಾನೆ. ಹೇಳಬೇಕಾದದ್ದನ್ನು ಕಂಟ್ರಾಕ್ಟರಿಗೆ, ಹಿಂದಿನ ಸಂಜೆಯೇ, ಫೋಟೊ ಸಮೇತ ಹೇಳುವುದು ಮೇಲು. ಬ್ಯಾಂಕಿನ ಎಂಜಿನಿಯರ್ ಬಂದು ಹೋಗುತ್ತಾರಲ್ಲ ಎಂಬ ಧೈರ್ಯವೂ ಬೇಡ. ಅವರು ನೋಡುವುದು ಸಾಲದ ಮುಂದಿನ ಕಂತಿಗೆ ಕೆಲಸ ಎಷ್ಟಾಗಿದೆ ಎಂಬುದನ್ನು, ರಿಂಗಿನ ಕೊಕ್ಕೆಯನ್ನಲ್ಲ.

ಗೋಡೆ ಕೆಲಸದಲ್ಲಿ ನೋಡಬೇಕಾದದ್ದು ಕಡಿಮೆ. ಮಣ್ಣಿನ ಇಟ್ಟಿಗೆಯನ್ನು ನೆನೆಸಿ ಕಟ್ಟಬೇಕು. ಸಿಮೆಂಟಿನ ಸಾಲಿಡ್ ಬ್ಲಾಕನ್ನು ನೆನೆಸಬಾರದು, ಮೈ ಒದ್ದೆಯಾಗುವಷ್ಟು ಚಿಮುಕಿಸಿದರೆ ಸಾಕು, ನೆನೆಸಿದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ದಿನಕ್ಕೆ ನಾಲ್ಕು ಅಡಿಗಿಂತ ಎತ್ತರ ಬೇಡ. 4 ಇಂಚಿನ ಗೋಡೆಗೆ ಮೂರಡಿಗೊಂದು ತೆಳು ಕಾಂಕ್ರೀಟ್ ಪಟ್ಟಿ, ಅದರಲ್ಲಿ ಎರಡು ಕಂಬಿ. ತೂಗುಗುಂಡು ಇಳಿಬಿಟ್ಟಾಗ ಹತ್ತಡಿಯಲ್ಲಿ ಕಾಲಿಂಚಿನ ಮೇಲೆ ವಾಲಿದ್ದರೆ ತಿದ್ದಿಸಿ. ಗೋಡೆಯ ಸೊಟ್ಟನ್ನು ಗಿಲಾವಿನಲ್ಲಿ ಮುಚ್ಚಲು ಹೋಗಿ ಎರಡು ಇಂಚು ಗಾರೆ ಮೆತ್ತಿದರೆ ಅದು ಒಂದು ದಿನ ಹಾಳೆಯಂತೆ ಕಳಚಿ ಬೀಳುತ್ತದೆ. ಬೀಮಿನ ಕೆಳಗಿನ ಕೊನೆಯ ವರಸೆಯನ್ನು ಅಂದೇ ಮುಗಿಸುವ ಆತುರ ಬೇಡ. ಗೋಡೆ ಒಂದೆರಡು ವಾರ ಕೂತ ಮೇಲೆ ಆ ಸಂದಿಯನ್ನು ಗಟ್ಟಿ ಗಾರೆಯಿಂದ ತುರುಕಿ, ಬೀಮು-ಗೋಡೆ ಸೇರುವೆಡೆ ಆರಿಂಚು ಅಗಲದ ಕೋಳಿ ಜಾಲರಿ ಬಡಿದು ಗಿಲಾವು ಮಾಡಿದರೆ, ಹೊಸ ಮನೆಗಳ ಹಾಲಿನಲ್ಲಿ ಬೀಮಿನುದ್ದಕ್ಕೂ ಕಾಣುವ ಆ ಅಡ್ಡ ಗೆರೆ ಬರುವುದಿಲ್ಲ.

ಮುಂಬಾಗಿಲ ಚೌಕಟ್ಟನ್ನು ಮುಹೂರ್ತಕ್ಕೆ ನಿಲ್ಲಿಸುತ್ತಾರೆ, ತಪ್ಪಿಲ್ಲ. ಆದರೆ ತೇಗವಾಗಲಿ ಹೊನ್ನೆಯಾಗಲಿ, ಗೋಡೆಗೆ ತಾಗುವ ಬೆನ್ನಿಗೆ ಮೊದಲೇ ಪ್ರೈಮರ್ ಬಳಿದಿರಲಿ. ಪೂಜೆ ಮುಗಿದ ಮೇಲೆ ಪ್ಲಾಸ್ಟಿಕ್ ಸುತ್ತಿ, ಹೊಸ್ತಿಲಿಗೆ ಹಲಗೆ ಹೊಡೆಸಿ. ಸಿಮೆಂಟ್ ನೀರಿನ ಕಲೆ ಒಮ್ಮೆ ಹಿಡಿದರೆ ಪಾಲಿಶ್‌ಗೆ ಬಗ್ಗುವುದಿಲ್ಲ.

ಗಿಲಾವಿಗೆ ಮೊದಲಿನ ಸಂಜೆ ಮತ್ತೊಂದು ದೊಡ್ಡ ಹಾಜರಿ. ಪ್ರತಿ ಗೋಡೆಗೆ ಟೇಪು ಹಿಡಿದು, ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಎಂಬುದು ಕಾಣುವಂತೆ ಪೈಪು ಮತ್ತು ವೈರಿನ ಕೊಳವೆಗಳ ಫೋಟೊ ತೆಗೆಯಿರಿ. ಫೋಟೊದಲ್ಲಿ ಕೋಣೆಯ ಹೆಸರು ಬರೆದ ಚೀಟಿಯೂ ಬರಲಿ. ಹತ್ತು ವರ್ಷದ ಮೇಲೆ ಗೀಸರ್ ಬದಲಿಸುವಾಗ ಡ್ರಿಲ್ ಎಲ್ಲಿ ಇಡಬೇಕೆಂದು ಆ ಫೋಟೊವೇ ಹೇಳಬೇಕು. 4 ಇಂಚಿನ ಗೋಡೆಯಲ್ಲಿ ಅಡ್ಡಕ್ಕೆ ಕೊರೆದಿದ್ದರೆ ಒಪ್ಪಬೇಡಿ. ಗೋಡೆಯ ದಪ್ಪದಲ್ಲಿ ಲಂಬವಾಗಿ ಮೂರನೇ ಒಂದು ಭಾಗ ಕೊರೆಯಬಹುದು, ಅಡ್ಡಕ್ಕಾದರೆ ಆರನೇ ಒಂದು ಭಾಗವಷ್ಟೇ. ದೀಪಕ್ಕೆ 1.5, ಮಾಮೂಲಿ ದೊಡ್ಡ ಸಾಕೆಟ್ಟಿಗೆ 2.5, ಎ.ಸಿ. ಮತ್ತು ಗೀಸರಿಗೆ 4 ಚದರ ಮಿ.ಮೀ. ವೈರು. ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಕಡಿತ ಮಾಡುವ ಸ್ವಿಚ್ಚು) ಇಲ್ಲದೆ ಬಿಲ್ಲು ಕೊಡಬೇಡಿ, ಅದು ಜೀವ ಉಳಿಸುವ ವಸ್ತು.

ನೀರಿನ ಪೈಪಿಗೆ ಟ್ಯಾಂಕಿನ ನೀರು ಬಿಟ್ಟು 'ಸೋರ್ತಿಲ್ಲ' ಎಂದರೆ ಪರೀಕ್ಷೆ ಆಗಲಿಲ್ಲ. ಹತ್ತು ಮೀಟರ್ ಎತ್ತರದ ಟ್ಯಾಂಕ್ ಕೊಡುವ ಒತ್ತಡ ಚದರ ಸೆಂ.ಮೀ.ಗೆ ಒಂದು ಕೆ.ಜಿ. ಮಾತ್ರ. ಎಲ್ಲ ಬಾಯಿಗಳಿಗೂ ಪ್ಲಗ್ ಹಾಕಿ, ಗಾಳಿ ಹೊರಬಿಟ್ಟು, ಮುಳ್ಳಿನ ಗೇಜು ಇರುವ ಕೈಪಂಪಿನಿಂದ ಆರೇಳು ಕೆ.ಜಿ.ಗೆ ಏರಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮುಳ್ಳು ಗಣನೀಯವಾಗಿ ಇಳಿದಿದ್ದರೆ ಯಾವುದೋ ಜೋಡಣೆಗೆ ಅಂಟು ಸರಿಯಾಗಿ ಹಿಡಿದಿಲ್ಲ. ಗೋಡೆ ತೆರೆದಿರುವಾಗ ಹುಡುಕುವುದು ಹತ್ತು ನಿಮಿಷದ ಕೆಲಸ.

ಬಚ್ಚಲುಮನೆ. ದೂರುಗಳಲ್ಲಿ ಅತಿ ಹೆಚ್ಚು ಇಲ್ಲಿಯವೇ. ಪೈಪು ಓಡಿಸಲು ತಗ್ಗಿಸಿದ ಸ್ಲ್ಯಾಬನ್ನು ಗುಡಿಸಿ ತೊಳೆದು, ಮೂಲೆಗಳಿಗೆ ದುಂಡಗೆ ಗಾರೆ ಕೊಟ್ಟು, ಪೈಪು ತೂರುವ ತೂತುಗಳ ಸುತ್ತ ಕುಗ್ಗದ ಗ್ರೌಟ್ (ಸಂದಿ ತುಂಬುವ ಸಿಮೆಂಟ್ ಪಾಕ) ತುಂಬಿ, ಆಮೇಲೆ ಎರಡು ಕೋಟು ವಾಟರ್‌ಪ್ರೂಫಿಂಗ್ ಬಳಿಯಬೇಕು. ಗೋಡೆಗೆ ಒಂದಡಿ, ಶವರ್ ಕಡೆ ಆರಡಿ ಏರಿಸಬೇಕು. ಒಣಗಿದ ಮೇಲೆ ನೀರು ನಿಲ್ಲಿಸಿ 48 ಗಂಟೆ ಬಿಟ್ಟು ಕೆಳಗಿನ ಮನೆಯ ಚಾವಣಿ ನೋಡಬೇಕು. ಪೈಪು ಹಾಕಿ, ತುಂಬಿ, ಟೈಲ್ಸಿಗೆ ಮೊದಲು ಇನ್ನೊಮ್ಮೆ ಬಳಿದು ಇನ್ನೊಮ್ಮೆ ನೀರು ನಿಲ್ಲಿಸಿ. ಟೈಲ್ಸಿನ ಸಂದಿಯಲ್ಲಿ ನೀರು ಹೇಗೂ ಇಳಿಯುತ್ತದೆ, ತಡೆಯುವುದು ಕೆಳಗಿನ ಈ ಎರಡು ಪದರ. ತುಂಬಲು ಬಳಸುವುದು ಇಟ್ಟಿಗೆ ಚೂರು. ಕೆಲಸದವರು ಕೈಗೆ ಸಿಕ್ಕ ಮರದ ತುಂಡು, ಸಿಮೆಂಟ್ ಚೀಲ, ಒಡೆದ ಗಿಲಾವು ಎಲ್ಲವನ್ನೂ ಅಲ್ಲಿಗೆ ನೂಕುತ್ತಾರೆ. ಮುಂದೆ ನೀರು ಹಿಡಿದು ನಾರುವುದು ಅದೇ. ತಗ್ಗಿನ ತಳದಿಂದ ಒಂದಿಂಚಿನ ಪೈಪನ್ನು ಹೊರಗೋಡೆಗೆ ತೂರಿಸಿಟ್ಟರೆ ಒಳಗೆ ನೀರು ಸೇರಿದ್ದು ಚಾವಣಿ ಒದ್ದೆಯಾಗುವ ಮೊದಲೇ ಗೊತ್ತಾಗುತ್ತದೆ. ನೆಲದ ವಾಟ (ಇಳಿಜಾರು) 100ಕ್ಕೆ 1, ಎಂಟಡಿಗೆ ಒಂದಿಂಚು. ಟೈಲ್ಸ್ ಹಾಕಿದ ದಿನ ಒಂದು ಚೊಂಬು ನೀರು ಮೂಲೆಯಲ್ಲಿ ಸುರಿದು ಟ್ರ್ಯಾಪಿನ (ನೀರು ಹೊರಹೋಗುವ ಜಾಲರಿ ಬಾಯಿ) ತನಕ ಹೋಗುತ್ತದೋ ನೋಡಿ.

ತಾರಸಿಗೂ ಅದೇ ವಾಟ, ಪ್ಯಾರಾಪೆಟ್ ಬುಡಕ್ಕೂ ದುಂಡನೆಯ ಗಾರೆ. ಸಜ್ಜಾದ ತಳದಲ್ಲಿ ಹೊರಅಂಚಿಗೆ ಒಂದಿಂಚು ಒಳಗೆ ಬೆರಳಗಲದ ಗೀರು ಇರಲಿ. ಅದಿಲ್ಲದಿದ್ದರೆ ಮಳೆನೀರು ಸಜ್ಜಾದ ತಳಕ್ಕೇ ಅಂಟಿಕೊಂಡು ಗೋಡೆಗೆ, ಅಲ್ಲಿಂದ ಕಿಟಕಿಯೊಳಗೆ ಬರುತ್ತದೆ. ಒಬ್ಬ ಗಾರೆ ಕೆಲಸದವನಿಗೆ ಅರ್ಧ ದಿನದ ಕೆಲಸ, ಮತ್ತು ಅತಿ ಹೆಚ್ಚು ಮರೆತುಹೋಗುವುದೂ ಇದೇ.

ಹಣದ ಕಂತುಗಳನ್ನು ತಿಂಗಳಿಗೆ ಕಟ್ಟದೆ ಈ ಮುಚ್ಚುವ ಹಂತಗಳಿಗೆ ಕಟ್ಟಿ: ಪ್ಲಿಂತ್, ಮೋಲ್ಡ್ ಕ್ಯೂರಿಂಗ್ ಮುಗಿದ ಮೇಲೆ, ಪೈಪಿನ ಪರೀಕ್ಷೆ ಆದ ಮೇಲೆ, ಬಚ್ಚಲಲ್ಲಿ ನೀರು ನಿಂತ ಮೇಲೆ. ಒಟ್ಟು ಮೊತ್ತದ ಶೇ 5ನ್ನು ಗೃಹಪ್ರವೇಶದ ನಂತರ ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವ ಮಾತು ಕರಾರಿನಲ್ಲಿ ಮೊದಲೇ ಬರೆದಿರಲಿ, ಕಂಟ್ರಾಕ್ಟರಿಗೂ ಅದು ಆಗಲೇ ಗೊತ್ತಿರಲಿ. ಗೃಹಪ್ರವೇಶದ ಹಿಂದಿನ ರಾತ್ರಿ ಎತ್ತಿದ ಮಾತು ಜಗಳವಾಗುತ್ತದೆ. ನಿಮ್ಮ ಪುರವಣಿಯಲ್ಲಿ ವಾರಕ್ಕೊಂದು ಹಂತದಂತೆ ಇಂಥ ಅಳತೆಗಳನ್ನು, ಕತ್ತರಿಸಿ ಸೈಟಿಗೆ ಕೊಂಡೊಯ್ಯುವಷ್ಟು ಚಿಕ್ಕದಾಗಿ, ಅಚ್ಚು ಮಾಡಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ಸೈಟ್ ಎಂಜಿನಿಯರ್, ಮೈಸೂರು